ಬಿಳಿ ಮಣ್ಣಿನ ಮೇಲೆ ನಿಂತ ಊರು

ಪುಣೆಗೆ ಬರುವ ನಮ್ಮ ಕಡೆಯ ನೆಂಟರಿಗೆ ತೋರಿಸುವ ಸ್ಥಳಗಳ ಪಟ್ಟಿ ಖಾಯಂ ಆಗಿಬಿಟ್ಟಿದೆ. ಶನಿವಾರವಾಡಾ, ದಗಡೂಶೇಠ್ ಗಣಪತಿ, ಸಾರಸಬಾಗ್, ಪರ್ವತಿ ಗುಡ್ಡ, ಹೊತ್ತು ಉಳಿದರೆ ಲಕ್ಷ್ಮೀರಸ್ತೆಯಲ್ಲಿ ಸೀರೆ. ನೋಡಿ ಬಂದವರು ಪುಣೆ ಪೇಶ್ವೆಯರ ಊರು ಅಂತ ಹೇಳಿ ರೈಲು ಹತ್ತುತ್ತಾರೆ. ತಪ್ಪೇನಿಲ್ಲ. ಆದರೆ ಶನಿವಾರವಾಡಾಕ್ಕೆ ಪಾಯ ಹಾಕಿದ್ದು 1730ರಲ್ಲಿ. ಅದಕ್ಕೂ ಸಾವಿರ ವರ್ಷ ಮೊದಲೇ ಇಲ್ಲಿ ಜನ ಒಲೆ ಹಚ್ಚಿ, ದನ ಕಟ್ಟಿ, ಕಾಳು ತುಂಬಿಟ್ಟು ಬದುಕಿದ್ದರು. ಆ ಹಳ್ಳಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಈ ಊರಿನ ಕಾಲಡಿಯಲ್ಲೇ ಇದೆ. ಅದು ಕಟ್ಟಡವಾಗಿ ಉಳಿಯಲಿಲ್ಲ, ಮಣ್ಣಾಗಿ ಉಳಿಯಿತು. ಅದಕ್ಕೇ ಯಾವ ಪಟ್ಟಿಯಲ್ಲೂ ಅದರ ಹೆಸರು ಬರುವುದಿಲ್ಲ.

ಆ ಮಣ್ಣು ಇರುವುದು ಕಸಬಾ ಪೇಟೆಯಲ್ಲಿ. ಶನಿವಾರವಾಡಾದ ಬೆನ್ನಿಗೇ, ಮುಠಾ ನದಿಯ ದಡದ ಕಡೆಗೆ ಈ ಪೇಟೆ ಇದೆ. ಕಸಬಾ ಅನ್ನುವ ಮಾತು ನಮಗೇನೂ ಹೊಸದಲ್ಲ. ಕರ್ನಾಟಕದ ಎಷ್ಟೋ ತಾಲ್ಲೂಕುಗಳ ದಾಖಲೆಯಲ್ಲಿ ಒಂದು ಕಸಬಾ ಹೋಬಳಿ ಇರುತ್ತದೆ. ಪರಗಣೆಯ ಮುಖ್ಯ ಊರು, ಸಂತೆ ಕೂಡುವ ಊರು ಅಂತ ಅದರ ಅರ್ಥ. ‘ಕಸಬೆ ಪುಣೆ’ ಎಂದು ಹಳೆಯ ಕಾಗದಗಳು ಕರೆಯುವುದು ಇದನ್ನೇ. ಸೋಮವಾರ, ಮಂಗಳವಾರ, ಬುಧವಾರ ಅಂತ ವಾರದ ಹೆಸರಿನ ಪೇಟೆಗಳೆಲ್ಲ ಆಮೇಲೆ ಇದರ ಸುತ್ತ ಬೆಳೆದವು.

ಇನ್ನು ಬಿಳಿ ಮಣ್ಣಿನ ಮಾತು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಭೂಮಿಯನ್ನು ಎರಡೇ ಮಾತಿನಲ್ಲಿ ಹೇಳುತ್ತಾರೆ: ಒಂದು ‘ಕಾಳಿ’, ಇನ್ನೊಂದು ‘ಪಾಂಢರಿ’. ಕಾಳಿ ಅಂದರೆ ಕರಿ ಭೂಮಿ, ಬಿತ್ತುವ ಹೊಲ. ಪಾಂಢರಿ ಅಂದರೆ ಬಿಳಿ ಭೂಮಿ, ಜನ ವಾಸ ಮಾಡುವ ನೆಲ. ನಾನು ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿದ್ದಾಗ ಜಮೀನು ತಪಾಸಣೆಗೆ ದೌಂಡ್, ಶಿರೂರ್ ಕಡೆ ಓಡಾಡುತ್ತಿದ್ದೆ. ಒಮ್ಮೆ ಒಬ್ಬ ಮುದುಕ ರೈತ ತನ್ನ ಹೊಲದ ಅಂಚಿನ ದಿಬ್ಬ ತೋರಿಸಿ, “ಸಾಹೇಬ, ಇದು ಪಾಂಢರಿ. ನಮ್ಮ ಊರು ಮೊದಲು ಇಲ್ಲೇ ಇತ್ತಂತೆ” ಅಂದ. ನನಗೆ ಕಂಡದ್ದು ಒಂದಾಳೆತ್ತರದ ಬೂದಿ ಬಣ್ಣದ ಗುಪ್ಪೆ, ಮೇಲೆ ಜಾಲಿ ಕಂಟಿ, ಮಳೆಗೆ ಕೊರೆದ ಕಡೆ ಮಡಕೆಯ ಚೂರು. ನಮ್ಮ ಇಂಡಿ ತಾಲ್ಲೂಕಿನವರಿಗೆ ಇದು ಚೆನ್ನಾಗಿ ಗೊತ್ತಿರುವ ನೋಟ. ನಮ್ಮ ಕಡೆ ಅದಕ್ಕೆ ಹಾಳೂರ ದಿಬ್ಬ ಅಂತೇವೆ, ಆ ಮಣ್ಣಿಗೆ ಹಾಳಮಣ್ಣು ಅಂತೇವೆ. ಮಾಳಿಗೆ ಮನೆಗೆ ಮೇಲುಮುದ್ದೆ ಹಾಕಲು ಮಳೆಗಾಲದ ಮೊದಲು ಚಕ್ಕಡಿ ಕಟ್ಟಿಕೊಂಡು ಹೋಗಿ ತರುತ್ತಿದ್ದುದು ಅದನ್ನೇ.

ಕರಿ ನೆಲದ ನಡುವೆ ಈ ಬಿಳಿ ಮಣ್ಣು ಹೇಗೆ ಬಂತು? ಅದು ಹೊರಗಿನಿಂದ ಬಂದದ್ದಲ್ಲ, ಮನುಷ್ಯರು ಮಾಡಿದ್ದು. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ ಒಂದೆರಡು ತಲೆಮಾರು ನಿಂತು ಕುಸಿಯುತ್ತದೆ. ಕುಸಿದ ಮಣ್ಣನ್ನು ಯಾರೂ ಹೊತ್ತು ಹೊರಗೆ ಹಾಕುವುದಿಲ್ಲ, ತುಳಿದು ಸಮ ಮಾಡಿ ಅದರ ಮೇಲೇ ಹೊಸ ಗೋಡೆ ಎಬ್ಬಿಸುತ್ತಾರೆ. ಅದರ ಜೊತೆಗೆ ದಿನದಿನವೂ ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ಸುಣ್ಣ, ಎಲುಬು, ಒಡೆದ ಗಡಿಗೆ ಸೇರುತ್ತಲೇ ಇರುತ್ತವೆ. ನೂರಾರು ವರ್ಷ ಹೀಗೆ ಆದರೆ ಊರು ತಾನಾಗಿ ಮೇಲೇಳುತ್ತದೆ, ಮಣ್ಣಿನ ಬಣ್ಣ ಬಿಳಿಚುತ್ತದೆ. ಸುಣ್ಣದ ಅಂಶ, ರಂಜಕದ ಅಂಶ ಅದರಲ್ಲಿ ಹೊಲದ ಮಣ್ಣಿಗಿಂತ ಎಷ್ಟೋ ಹೆಚ್ಚು. ಕಾಳು ಇಡುತ್ತಿದ್ದ ಹಗೇವು ಇದ್ದಲ್ಲಿ ತಗ್ಗು ಬಿದ್ದಿರುತ್ತದೆ, ಅದಕ್ಕೆ ಮರಾಠಿಯಲ್ಲಿ ‘ಪೇವ’ ಅಂತಾರೆ. ಪಾಟೀಲರ ಮಣ್ಣಿನ ಕೋಟೆ ಇದ್ದಲ್ಲಿ ಒಂದು ಗುಡ್ಡೆ ನಿಂತಿರುತ್ತದೆ, ಇಲ್ಲಿನವರು ಅದನ್ನು ಗಢಿ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹುಡೇವು ನಿಂತ ಹಾಗೆ. ಜನ ಬಿಟ್ಟು ಹೋದ ಮೇಲೂ ನೆಲದ ಏರಿಳಿತದಲ್ಲೇ ಊರಿನ ನಕ್ಷೆ ಉಳಿದಿರುತ್ತದೆ.

ಹೀಗೆ ನೆಲ ನೋಡಿ ಊರು ಗುರುತಿಸುವ ವಿದ್ಯೆ ಇಂಗ್ಲೆಂಡಿನಲ್ಲಿ ತುಂಬ ಮುಂದುವರಿದಿದೆ. ಯಾರ್ಕ್‌ಶೈರ್ ಸೀಮೆಯಲ್ಲಿ ವಾರಂ ಪರ್ಸಿ ಅಂತ ಒಂದು ಹಾಳೂರು. ಹದಿನಾರನೇ ಶತಮಾನದ ಆರಂಭದ ಹೊತ್ತಿಗೆ ಅಲ್ಲಿನ ಜನ ಹೊರಟುಹೋದರು. ಉಣ್ಣೆಗೆ ಬೆಲೆ ಬಂದು ಹೊಲಗಳೆಲ್ಲ ಕುರಿ ಮೇಯುವ ಹುಲ್ಲುಗಾವಲಾದವು. ಒಂದು ಚರ್ಚಿನ ಗೋಡೆ ಬಿಟ್ಟರೆ ಈಗ ಅಲ್ಲಿರುವುದು ಹುಲ್ಲು ಹೊದ್ದ ಉಬ್ಬುತಗ್ಗು ಅಷ್ಟೇ. ಆ ಉಬ್ಬುಗಳೇ ಮನೆಯ ಕಟ್ಟೆಗಳು, ತಗ್ಗುಗಳೇ ಓಣಿಗಳು ಅಂತ ತೋರಿಸಿಕೊಟ್ಟವರು ಮಾರಿಸ್ ಬೆರೆಸ್‌ಫರ್ಡ್ ಎಂಬ ಆರ್ಥಿಕ ಇತಿಹಾಸಕಾರರು ಮತ್ತು ಜಾನ್ ಹರ್ಸ್ಟ್ ಎಂಬ ಪುರಾತತ್ವಜ್ಞರು. 1950ರಿಂದ 1990ರವರೆಗೆ ನಲವತ್ತು ವರ್ಷ ಬೇಸಿಗೆಗೊಮ್ಮೆ ಅಲ್ಲಿ ಅಗೆತ ನಡೆಯಿತು. ನಮ್ಮ ವಾಣಿಜ್ಯಶಾಸ್ತ್ರದ ಪಕ್ಕದ ಮನೆಯ ವಿದ್ಯೆಯವರೊಬ್ಬರು ಇದಕ್ಕೆ ಕೈ ಹಾಕಿದರಲ್ಲ ಅಂತ ನನಗೆ ಖುಷಿ. ಊರು ಹಾಳಾಗುವುದು ಅಂದರೆ ಕೊನೆಗೆ ಅದೂ ಒಂದು ಲೆಕ್ಕಾಚಾರವೇ. ತೆರಿಗೆ, ಬೆಳೆ, ಬೆಲೆ, ಬರ, ದಂಡು, ಇದರಲ್ಲಿ ಯಾವುದೋ ಒಂದು ತಾಳೆಯಾಗದೆ ಜನ ಎದ್ದು ಹೋಗುತ್ತಾರೆ.

ಈಗ ಪುಣೆಯ ಮಣ್ಣಿಗೆ ಬರೋಣ. ಇದರ ಹಳೆಯ ದಾಖಲೆಗಳಲ್ಲಿ ಒಂದು ಹುಟ್ಟಿದ್ದು ಬೆಂಗಳೂರಿನ ಹತ್ತಿರ ಅಂದರೆ ಓದುಗರು ನಂಬಲಿಕ್ಕಿಲ್ಲ. ಎಲ್ಲೋರದ ಕೈಲಾಸ ದೇವಾಲಯ ಕೊರೆಸಿದ ರಾಷ್ಟ್ರಕೂಟರ ಒಂದನೇ ಕೃಷ್ಣ ಗಂಗವಾಡಿಯ ಮೇಲೆ ದಂಡೆತ್ತಿ ಹೋಗಿದ್ದ. 768ರಲ್ಲಿ ‘ಮನ್ನನಗರ’ದ ಬೀಡಿನಿಂದ ಅವನು ಒಂದು ತಾಮ್ರಪಟ ಹೊರಡಿಸಿದ. ಅದು ಸಿಕ್ಕಿದ್ದು ಪುಣೆ ಜಿಲ್ಲೆಯ ತಳೇಗಾಂವದಲ್ಲಿ. ಆ ಮನ್ನನಗರವೇ ನೆಲಮಂಗಲ ತಾಲ್ಲೂಕಿನ ಮಣ್ಣೆ, ಗಂಗರ ಮಾನ್ಯಪುರ, ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ತಾಮ್ರಪಟದಲ್ಲಿ ‘ಪೂನಕ ವಿಷಯ’ದ ಒಂದು ಹಳ್ಳಿಯನ್ನು ದಾನ ಕೊಟ್ಟ ಸಂಗತಿ ಇದೆ. ವಿಷಯ ಅಂದರೆ ಆಗಿನ ಲೆಕ್ಕದಲ್ಲಿ ಒಂದು ಜಿಲ್ಲೆ ಅಂತಿಟ್ಟುಕೊಳ್ಳಿ. ದಾನದ ಹಳ್ಳಿಯ ಎಲ್ಲೆ ಹೇಳುವಾಗ ಸುತ್ತಲಿನ ಊರುಗಳ ಹೆಸರು, ಉತ್ತರಕ್ಕೆ ಮುಳಾ ನದಿಯ ಹೆಸರು ಬರುತ್ತವೆ. ಅವುಗಳಲ್ಲಿ ಆಳಂದಿ, ಥೇವೂರು, ದಾಳಿಂಬ, ಖಾಮಗಾಂವಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಪುಣೆಯಿಂದ ಸೋಲಾಪುರದ ಕಡೆ ಹೊರಟರೆ ಇವತ್ತಿಗೂ ಥೇವೂರಿನ ಫಲಕ ಕಾಣುತ್ತದೆ, ಅಷ್ಟವಿನಾಯಕರಲ್ಲಿ ಒಬ್ಬನಾದ ಚಿಂತಾಮಣಿ ಗಣಪತಿಯ ಊರು. ನಾನು ಸಾಲದ ಕಾಗದಕ್ಕೆ ಚೆಕ್ಕುಬಂದಿ ಬರೆಸಿಕೊಳ್ಳುವಾಗ ಪೂರ್ವಕ್ಕೆ ಇಂಥವರ ಹೊಲ, ಉತ್ತರಕ್ಕೆ ಹಳ್ಳ ಅಂತ ಬರೆಸುತ್ತಿದ್ದೆನಲ್ಲ, 1250 ವರ್ಷದ ಹಿಂದಿನ ಕಾಗದವೂ ಅದೇ ಕ್ರಮದಲ್ಲಿದೆ.

ಒಂದು ಮಾತು ಇಲ್ಲಿ ಯೋಚಿಸಬೇಕು. ಆಗ ಮಣ್ಣೆ ರಾಜರು ಇರುವ ಪಟ್ಟಣ. ಪುಣೆ ದೂರದ ಒಂದು ವಿಷಯದ ಹೆಸರು. ಇವತ್ತು ಮಣ್ಣೆ ಒಂದು ಹಳ್ಳಿ, ಗಂಗರ ಕಾಲದ ಕಪಿಲೇಶ್ವರ ಗುಡಿ ಪಾಳುಬಿದ್ದು ನಿಂತಿದೆ. ಪುಣೆ ಮಹಾನಗರ. ಯಾವ ಊರಿನ ಹಣೆಯಲ್ಲಿ ಏನು ಬರೆದಿದೆಯೋ ಆ ಊರಿನವರಿಗೆ ಗೊತ್ತಾಗುವುದಿಲ್ಲ.

ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಈ ತಾಮ್ರಪಟದ ಮಾತು ಬಂದರೆ ಯಾರಾದರೊಬ್ಬರು ಎದ್ದು “ನೋಡ್ರಿ, ಪುಣೆ ಮೊದಲು ನಮ್ಮದೇ” ಅನ್ನುವುದುಂಟು. ಚಪ್ಪಾಳೆಯೂ ಬೀಳುತ್ತದೆ. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆಯೂ ರಾಷ್ಟ್ರಕೂಟರ ಕಾಲದ್ದೇ. ಅರ್ಧಕ್ಕೆ ನಿಂತ ಕೆಲಸ, ಎದುರಿಗೆ ದುಂಡನೆಯ ನಂದಿಮಂಟಪ, ಎಲ್ಲ ಒಂದೇ ಬಂಡೆಯಲ್ಲಿ ಕೊರೆದದ್ದು. ಅಲ್ಲಿಗೆ ಹೋದಾಗ ನನಗೂ ಹೆಮ್ಮೆ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹೆಮ್ಮೆಯ ಲೆಕ್ಕ ಬರೆದುಕೊಳ್ಳುವವರು ಅದೇ ಖಾತೆಯ ಇನ್ನೊಂದು ಬದಿಯನ್ನೂ ಬರೆಯಬೇಕಾಗುತ್ತದೆ. ಅದು ವಿಜಯಪುರದ ಕಥೆ.

ಮಧ್ಯಕಾಲದಲ್ಲಿ ಕಸಬೆ ಪುಣೆಗೆ ಒಂದು ಕೋಟೆ ಬಂತು. ಅದಕ್ಕೆ ‘ಪಾಂಢರಿಯ ಕೋಟ’ ಅಂತಲೇ ಹೆಸರು, ‘ಕಿಲ್ಲೆ ಹಿಸಾರ್’ ಅಂತ ಇನ್ನೊಂದು ಹೆಸರು. ಹೆಸರೇ ಹೇಳುವಂತೆ ಊರಿನ ಬಿಳಿ ಮಣ್ಣಿನ ಗುಡ್ಡೆಯ ಮೇಲೆ ಎದ್ದ ಗೋಡೆ. ಜನರ ಬಾಯಲ್ಲಿ ಅದು ‘ಜುನಾ ಕೋಟ’, ಹಳೇ ಕೋಟೆ. ಗೋಡೆ ಹೋಗಿ ಎಷ್ಟೋ ಕಾಲವಾಯಿತು, ‘ಕುಂಭಾರ ವೇಸ್’ ಅನ್ನುವ ಹೆಸರು ಮಾತ್ರ ಇನ್ನೂ ಇದೆ. ವೇಸ್ ಅಂದರೆ ನಮ್ಮ ಅಗಸಿ ಬಾಗಿಲು. ಕುಂಬಾರರ ಅಗಸಿ. ಅಗಸಿ ಇಲ್ಲದ ಅಗಸಿ, ಕೋಟೆ ಇಲ್ಲದ ಕೋಟೆ. ಓಣಿಗಳು ನದಿಯ ಕಡೆ ಇಳಿಯುವಾಗ ಕಾಲಿಗೆ ಮಾತ್ರ ಆ ಏರು ತಿಳಿಯುತ್ತದೆ.

ಹದಿನೇಳನೇ ಶತಮಾನದಲ್ಲಿ ಪುಣೆ ಶಹಾಜಿ ಭೋಸಲೆಯ ಜಹಗೀರು. ಶಹಾಜಿ ಒಮ್ಮೆ ಅಹಮದ್‌ನಗರದ ನಿಜಾಮಶಾಹಿಯ ಕಡೆ, ಒಮ್ಮೆ ಮೊಗಲರ ಕಡೆ, ಒಮ್ಮೆ ಬಿಜಾಪುರದ ಕಡೆ. ಆ ಕಾಲದಲ್ಲಿ ಬದುಕಿ ಉಳಿಯಲು ಹಾಗೆ ಮಾಡದ ಸರದಾರರೇ ಕಡಿಮೆ. ಅವನ ಮೇಲಿನ ಸಿಟ್ಟಿಗೆ ಆದಿಲಶಾಹಿ ದಂಡು ಪುಣೆಗೆ ಬಂತು, 1630ರ ಸುಮಾರಿಗೆ. ಬಿಜಾಪುರದ ಗಾದಿಯ ಮೇಲಿದ್ದವನು ಮಹಮ್ಮದ್ ಆದಿಲಶಾಹ, ಗೋಳಗುಮ್ಮಟ ಕಟ್ಟಿಸಿದವನು. ದಂಡಿನ ಮುಖಂಡ ಮುರಾರ ಜಗದೇವ. ಅವನು ಊರು ಸುಟ್ಟ, ಕೋಟೆ ಕೆಡವಿದ. ಅಷ್ಟಕ್ಕೇ ಬಿಡದೆ ಊರ ನೆಲಕ್ಕೆ ಕತ್ತೆ ಕಟ್ಟಿ ನೇಗಿಲು ಹೊಡೆಸಿದ, ನೆಲದಲ್ಲಿ ಕಬ್ಬಿಣದ ಹಾರೆ ನೆಡಿಸಿದ ಅಂತ ಇಲ್ಲಿನ ಪರಂಪರೆ ಹೇಳುತ್ತದೆ. ಇನ್ನು ಇಲ್ಲಿ ಯಾರೂ ದೀಪ ಹಚ್ಚಬಾರದು ಅನ್ನುವ ಶಾಪದ ಗುರುತು ಅದು.

ಕತ್ತೆ ನೇಗಿಲು ಮುರಾರನ ಹೊಸ ಯೋಚನೆ ಏನಲ್ಲ. ಒಡಿಶಾದ ಹಾಥಿಗುಂಫಾ ಶಾಸನದಲ್ಲಿ ಕಳಿಂಗದ ಖಾರವೇಲ ಪಿಥುಂಡ ಎಂಬ ಪಟ್ಟಣವನ್ನು ಕತ್ತೆಗಳ ನೇಗಿಲಿನಿಂದ ಉಳಿಸಿದೆ ಅಂತ ಹೇಳಿಕೊಂಡಿದ್ದಾನೆ. ಅದು ಕ್ರಿಸ್ತಪೂರ್ವದ ಮಾತು. ಹೊಲಕ್ಕೆ ಎತ್ತು, ಹಾಳಿಗೆ ಕತ್ತೆ. ಪಾಂಢರಿಯನ್ನು ಕಾಳಿ ಮಾಡಿಬಿಡುವುದು, ಅಂದರೆ ವಾಸದ ನೆಲವನ್ನು ಉತ್ತುಬಿಡುವುದು, ಒಂದು ಊರಿಗೆ ಕೊಡುವ ಮರಣದಂಡನೆ.

ಈ ಮುರಾರ ಜಗದೇವನನ್ನು ನಮ್ಮ ವಿಜಯಪುರದವರು ಬೇರೆ ರೀತಿಯಲ್ಲಿ ಬಲ್ಲರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ಪರಾಂಡಾ ಕೋಟೆಯಿಂದ 1632ರಲ್ಲಿ ಬಿಜಾಪುರಕ್ಕೆ ಎಳೆಸಿ ತಂದ ಮುರಾರಿ ಪಂಡಿತ ಇವನೇ ಎಂದು ಇತಿಹಾಸಕಾರರು ಹೇಳುತ್ತಾರೆ. ಶಾಲೆಯ ಪ್ರವಾಸದಲ್ಲಿ ಶೆರ್ಜಾ ಬುರುಜಿನ ಮೇಲೆ ಹತ್ತಿ ಆ ತೋಪಿನ ಮೈ ಸವರಿ ಬಂದವರು ನಾವೆಲ್ಲ. ಬಿಸಿಲಲ್ಲೂ ತಣ್ಣಗಿರುತ್ತದೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಅದನ್ನು ತಂದವನೇ ಪುಣೆಯನ್ನು ಸುಟ್ಟವನು ಅನ್ನುವುದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದು ಮನೆ ಮಾಡಿದ ಮೇಲೆ. ಪುಣೆ ಕಡೆಗೆ ಕಣ್ಣಿಡಲು ಅವನು ಯವತ್ ಹತ್ತಿರದ ಭುಲೇಶ್ವರ ಗುಡಿಯ ಸುತ್ತ ದೌಲತಮಂಗಳ ಅಂತ ಕೋಟೆ ಕಟ್ಟಿಸಿದ, ಅದರ ಬುರುಜಿನ ಅವಶೇಷ ಈಗಲೂ ಇದೆ. ಕೊನೆಗೆ 1635ರಲ್ಲಿ ಬಿಜಾಪುರದ ದರಬಾರಿನ ಒಳಜಗಳದಲ್ಲಿ ಅವನೇ ಕೊಲೆಯಾದ.

ಪುಣೆಯವರು ಈ ಕಥೆ ಹೇಳುವಾಗ ಬಿಜಾಪುರದ ಕಡೆಯವನಾದ ನನ್ನ ಮುಖ ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ನವರಸಪುರದ ಕಥೆ ಹೇಳುತ್ತೇನೆ. ಬಿಜಾಪುರದ ಪಶ್ಚಿಮಕ್ಕೆ ತೊರವಿಯ ಹತ್ತಿರ ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಹೊಸ ಪಟ್ಟಣಕ್ಕೆ ಕೈ ಹಾಕಿದ್ದ. ಸಂಗೀತದ ಮೇಲಿನ ಪ್ರೀತಿಗೆ ಅದಕ್ಕೆ ನವರಸಪುರ ಅಂತ ಹೆಸರಿಟ್ಟ. 1624ರಲ್ಲಿ ನಿಜಾಮಶಾಹಿಯ ಮಲಿಕ್ ಅಂಬರ್ ಬಂದು ಅದನ್ನು ಹಾಳು ಮಾಡಿದ. ಅದೇ ವರ್ಷದ ಭಾತವಡಿ ಕಾಳಗದಲ್ಲಿ ಮಲಿಕ್ ಅಂಬರನ ಪಕ್ಷದಲ್ಲಿ ಹೋರಾಡಿದವರಲ್ಲಿ ಶಹಾಜಿಯೂ ಒಬ್ಬ. ಸಂಗೀತ ಮಹಲಿನ ಕಮಾನುಗಳು ಹೊಲಗಳ ನಡುವೆ ಇನ್ನೂ ನಿಂತಿವೆ, ಸುತ್ತಲಿನ ಮನೆಗಳು ಮಣ್ಣಾಗಿವೆ. ಅತ್ತ ಒಂದು ಊರು, ಇತ್ತ ಒಂದು ಊರು. ಲೆಕ್ಕ ಸರಿಹೋಯಿತೆ? ದರಬಾರಿನವರಿಗೆ ಸರಿಹೋಗಿರಬಹುದು. ಸುಟ್ಟ ಮಾಳಿಗೆಯ ಕೆಳಗೆ ಹಗೇವಿನ ಜೋಳ ಕಳೆದುಕೊಂಡವನ ಲೆಕ್ಕ ಸರಿಹೋಗುವುದು ಹೇಗೆ? ಪುಣೆ ಸುಟ್ಟ ಹೊತ್ತಿಗೇ, 1630ರಿಂದ 1632ರವರೆಗೆ, ಗುಜರಾತ್ ಮತ್ತು ದಖ್ಖನಿನಲ್ಲಿ ಘೋರ ಬರ ಬಿತ್ತು. ಬೆಂಕಿಗೆ ಉಳಿದವರನ್ನು ಬರ ಬಿಟ್ಟಿರಲಿಕ್ಕಿಲ್ಲ.

ಊರು ಸತ್ತೇ ಹೋಗಬೇಕಿತ್ತು, ಆದರೆ ಹೋಗಲಿಲ್ಲ. 1636ರಲ್ಲಿ ಶಹಾಜಿ ಬಿಜಾಪುರದ ಚಾಕರಿಗೆ ಬಂದ. ಪುಣೆಯ ಜಹಗೀರು ಅವನಿಗೇ ಉಳಿಯಿತು. ಅವನು ದಂಡಿನ ಜೊತೆ ಕರ್ನಾಟಕಕ್ಕೆ ಇಳಿದು ಬೆಂಗಳೂರಿನಲ್ಲಿ ನೆಲೆ ನಿಂತ, 1664ರಲ್ಲಿ ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ ತೀರಿಕೊಂಡ. ಅವನ ಸಮಾಧಿ ಅಲ್ಲೇ ಇದೆ. ಇತ್ತ ಪುಣೆಯಲ್ಲಿ ಜೀಜಾಬಾಯಿ, ಬಾಲಕ ಶಿವಾಜಿ ಮತ್ತು ಕಾರಭಾರಿ ದಾದೋಜಿ ಕೊಂಡದೇವ ಊರನ್ನು ಮತ್ತೆ ಎಬ್ಬಿಸಿದರು. ಕತ್ತೆ ನೇಗಿಲಿನ ಶಾಪ ಕಳೆಯಲು ಚಿನ್ನದ ಗುಳದ ನೇಗಿಲು ಹೂಡಿ ಅದೇ ನೆಲ ಉತ್ತರು ಅಂತ ಕಥೆ. ಕಸಬಾ ಗಣಪತಿಯ ಗುಡಿ ಅದೇ ಕಾಲದ್ದು. ಇವತ್ತಿಗೂ ಗಣೇಶೋತ್ಸವದ ವಿಸರ್ಜನೆ ಮೆರವಣಿಗೆಯಲ್ಲಿ ಮೊದಲ ಮಾನ ಈ ಗಣಪತಿಗೇ.

ಚಿನ್ನದ ನೇಗಿಲಿನಷ್ಟೇ ನನಗೆ ಮುಖ್ಯ ಅನ್ನಿಸುವುದು ಅದರ ಹಿಂದಿನ ವ್ಯವಹಾರ. ಓಡಿಹೋದ ರೈತ ಶಾಪ ಕಳೆಯಿತು ಅಂತ ಮಾತ್ರಕ್ಕೆ ಮರಳಿ ಬರುವುದಿಲ್ಲ. ಹಾಳುಬಿದ್ದ ಭೂಮಿಗೆ ಆಗ ಕೌಲು ಕೊಡುತ್ತಿದ್ದರು. ಮೊದಲ ವರ್ಷ ನಾಮಮಾತ್ರದ ಕಂದಾಯ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಏರಿಸಿ ಕೆಲವು ವರ್ಷದ ಮೇಲೆ ಪೂರ್ತಿ ದರ. ಮರಾಠಿ ಕಾಗದಗಳಲ್ಲಿ ಇದಕ್ಕೆ ‘ಇಸ್ತಾವಾ’ ಅಂತ ಹೆಸರು. ಬರಗಾಲದ ವರ್ಷ ಸಾಲದ ಕಂತು ಮುಂದೂಡುವ ಸುತ್ತೋಲೆ ಬಂದಾಗ ನಾವು ಬ್ಯಾಂಕಿನಲ್ಲಿ ಮಾಡುತ್ತಿದ್ದುದೂ ಇದರ ತಮ್ಮನಂಥ ಕೆಲಸವೇ. ಹೊಲ ಹಾಳುಬಿಟ್ಟವರಿಗೆ ಮೊದಲು ಉಸಿರಾಡಲು ಹೊತ್ತು ಕೊಡಬೇಕು, ವಸೂಲಿ ಆಮೇಲೆ. ದಾದೋಜಿಯ ಬಗ್ಗೆ ಇಲ್ಲಿ ವಾದಗಳಿವೆ, ಲಾಲ್ ಮಹಲಿನ ಶಿಲ್ಪದಿಂದ ಅವನ ಪ್ರತಿಮೆಯನ್ನು 2010ರಲ್ಲಿ ತೆಗೆದರು. ಪ್ರತಿಮೆ ಇಡುವುದು, ತೆಗೆಯುವುದು ಆಯಾ ಕಾಲದವರ ಜಗಳ. ಕೆಳಗಿನ ಮಣ್ಣು ಇಬ್ಬರದನ್ನೂ ಹೊತ್ತುಕೊಂಡಿದೆ, ಕತ್ತೆ ಎಳೆದ ನೇಗಿಲ ಸಾಲನ್ನೂ ಚಿನ್ನದ ಗುಳದ ಸಾಲನ್ನೂ.

ಆ ಮಣ್ಣನ್ನು ಓದುವ ಕೆಲಸ ಸ್ವಲ್ಪ ನಡೆದಿದೆ. ಕಸಬಾ ಪೇಟೆಯ ಹಳೇ ವಾಡೆಗಳನ್ನು ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸುವ ಕಾಲದಲ್ಲಿ, 2004ರಿಂದ 2006ರವರೆಗೆ, ಡೆಕ್ಕನ್ ಕಾಲೇಜಿನ ಸಂಶೋಧಕರು ಪಾಯದ ಗುಂಡಿಗಳಿಗೆ ಇಳಿದು ಸಿಕ್ಕಷ್ಟು ದಾಖಲಿಸಿದರು. ಕಟ್ಟುವವನು ಕಾಂಕ್ರೀಟು ಸುರಿಯುವುದರೊಳಗೆ ಮುಗಿಸಬೇಕಾದ ಅವಸರದ ಕೆಲಸ. ಶಾತವಾಹನರ ಕಾಲದಿಂದ ಹಿಡಿದು ಇಲ್ಲಿ ವಸತಿ ಇತ್ತು ಅನ್ನುವುದಕ್ಕೆ ಅದರಿಂದ ಆಧಾರ ಸಿಕ್ಕಿತು. ಅಂದರೆ ತಾಮ್ರಪಟಕ್ಕಿಂತಲೂ ನೆಲ ಹಳೆಯದು. 768ರಲ್ಲಿ ಮಣ್ಣೆಯ ಬೀಡಿನಿಂದ ‘ಪೂನಕ’ ಅಂತ ಬರೆಸಿದಾಗ ಆ ಊರಿನವರ ಅಜ್ಜಂದಿರ ಅಜ್ಜಂದಿರು ಅಲ್ಲಿ ಬೂದಿ ಚೆಲ್ಲಿ ಹೋಗಿದ್ದರು. ಆದ್ದರಿಂದ ಮೊದಲು ನಮ್ಮದೇ ಅನ್ನುವ ಮಾತಿಗೆ ಈ ಮಣ್ಣು ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಈಗ ಅದೇ ಕಸಬಾ ಪೇಟೆಯ ಕೆಳಗೆ ಮೆಟ್ರೋ ಓಡುತ್ತದೆ. ಜಿಲ್ಲಾ ನ್ಯಾಯಾಲಯದಿಂದ ಸ್ವಾರಗೇಟ್‌ವರೆಗಿನ ಸುರಂಗ ಮಾರ್ಗ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು, ನಡುವೆ ಕಸಬಾ ಪೇಟೆ ಅಂತಲೇ ಒಂದು ನಿಲ್ದಾಣ. ನಾನೂ ಮೊಮ್ಮಗನ ಜೊತೆ ಅದರಲ್ಲಿ ಓಡಾಡುತ್ತೇನೆ, ಸುಖವಾಗಿದೆ. ಊರು ಬೆಳೆಯಬಾರದು ಅಂತ ಹೇಳುವವನು ನಾನಲ್ಲ. ಆದರೆ ಸಾವಿರಾರು ವರ್ಷ ಮೇಲೆ ಮೇಲೆ ಏರುತ್ತಾ ಬಂದ ಮಣ್ಣು ನಮ್ಮ ಒಂದು ತಲೆಮಾರಿನಲ್ಲಿ ಲಾರಿ ಹತ್ತಿ ಹೋಗುತ್ತಿದೆ. ಹಿಂದಿನವರು ಹಳೆಯದರ ಮೇಲೆ ಕಟ್ಟಿದರು. ನಾವು ಹಳೆಯದನ್ನು ಬಗೆದು ತೆಗೆದು ಕಟ್ಟುತ್ತೇವೆ. ಮುರಾರ ಜಗದೇವನ ಕತ್ತೆಗಳು ಗೀರಿದ್ದು ಮೇಲಿನ ಒಂದು ಗೇಣು. ಜೇಸೀಬಿಗೆ ಆ ಮಿತಿ ಇಲ್ಲ.

ಪುಣೆಯ ಮಾತು ಇಷ್ಟು ಉದ್ದಕ್ಕೆ ಹೇಳಿದ್ದು ನಮ್ಮೂರ ಮಾತು ಹೇಳಲಿಕ್ಕೆ. ಕರ್ನಾಟಕದ ಕಂದಾಯ ದಾಖಲೆಯಲ್ಲಿ ‘ಬೇಚರಾಕ್ ಗ್ರಾಮ’ ಅಂತ ಒಂದು ಶಬ್ದ ಇದೆ. ಪಾರಸಿಯ ‘ಬೇ ಚಿರಾಗ್’, ದೀಪ ಇಲ್ಲದ್ದು. ಊರಿಗೆ ಹೆಸರಿದೆ, ಸರ್ವೆ ನಂಬರುಗಳಿವೆ, ಎಲ್ಲೆ ಇದೆ, ಮನುಷ್ಯರಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ವಹಿವಾಟು ನಿಂತ ಖಾತೆ. ವಾರಸುದಾರ ಬಂದಾನು ಅಂತ ನಾವು ಅಂಥ ಖಾತೆಯ ಹಾಳೆಯನ್ನು ಹರಿದು ಎಸೆಯುತ್ತಿರಲಿಲ್ಲ. ಬೇಚರಾಕ್ ಊರುಗಳ ಹಾಳೆಗಳನ್ನು ಮಾತ್ರ ಎಲ್ಲರೂ ಹರಿಯುತ್ತಿದ್ದಾರೆ. ಹಾಳೂರ ಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರ ಅನ್ನುವುದು ರೈತನಿಗೆ ಹಿಂದಿನಿಂದಲೂ ಗೊತ್ತು. ಚಕ್ಕಡಿಯಲ್ಲಿ ಒಯ್ಯುತ್ತಿದ್ದಾಗ ದಿಬ್ಬ ಹತ್ತು ತಲೆಮಾರು ಬಾಳುತ್ತಿತ್ತು. ಟ್ರ್ಯಾಕ್ಟರು ಬಂದ ಮೇಲೆ ಎರಡು ಬೇಸಿಗೆ ಸಾಕು. ನಮ್ಮೂರ ಹಾಳೂರ ದಿಬ್ಬದ ಮೇಲೆ ನಾವು ಹುಡುಗರಾಗಿದ್ದಾಗ ಕಾರಹುಣ್ಣಿಮೆಗೆ ಗಾಳಿಪಟ ಹಾರಿಸುತ್ತಿದ್ದೆವು. ಈಗ ಅಲ್ಲಿ ಸಪಾಟು ಹೊಲ, ಕಬ್ಬು ಇದೆ. ಒಯ್ದವರನ್ನು ಬಯ್ಯುವಂತಿಲ್ಲ, ಅವರಿಗೆ ಅದು ಪುಕ್ಕಟೆ ಗೊಬ್ಬರ. ಅದರಲ್ಲಿ ಇನ್ನೇನಿತ್ತು ಅಂತ ಯಾರೂ ಅವರಿಗೆ ಹೇಳಿರಲಿಲ್ಲ ಅಷ್ಟೇ.

ಹೇಳಿದರೆ ಜನ ಕೇಳುವುದಿಲ್ಲ ಅಂತೇನಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಬೂದಿಹಾಳ ಅಂತ ಊರಿದೆ. ಅಲ್ಲಿನ ಬೂದಿದಿಬ್ಬ ಹೊಸ ಶಿಲಾಯುಗದ ದನಗಾಹಿಗಳ ನೆಲೆ, ಸಗಣಿ ಸುಟ್ಟು ಸುಟ್ಟು ಬೆಳೆದ ಗುಡ್ಡೆ ಅಂತ ಅಗೆದು ತೋರಿಸಿಕೊಟ್ಟವರು ಇದೇ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು. ನಮ್ಮ ನೆಲದ ಬೆಲೆ ನಮಗೆ ತಿಳಿಸಲು ಪುಣೆಯಿಂದ ಬರಬೇಕಾಯಿತು. ಪುಣೆಯ ನೆಲದ ಕಥೆಗೆ ನಾವು ಮಣ್ಣೆಗೆ, ವಿಜಯಪುರಕ್ಕೆ, ಹೊದಿಗೆರೆಗೆ ಹೋಗಬೇಕು. ಕೊಟ್ಟು ತೆಗೆದುಕೊಳ್ಳುವುದು ಹಿಂದಿನಿಂದಲೂ ನಡೆದೇ ಇದೆ.

ಪರಊರಿನಲ್ಲಿ ಇಷ್ಟು ವರ್ಷ ಬದುಕಿದವನಿಗೆ ಒಂದು ಸಮಾಧಾನ ನೀರಿನದು. ಕಸಬಾ ಪೇಟೆಯ ಪಕ್ಕ ಹರಿಯುವ ಮುಠಾ ಮುಳೆಯನ್ನು ಕೂಡಿ, ಮುಳಾಮುಠಾ ಆಗಿ ಭೀಮೆಗೆ ಸೇರುತ್ತದೆ. ಆ ಭೀಮೆಯೇ ಪಂಢರಪುರ ದಾಟಿ ನಮ್ಮ ಇಂಡಿ ತಾಲ್ಲೂಕಿನ ಅಂಚಿಗೆ ಬರುತ್ತಾಳೆ. ನಡುವೆ 1980ರಲ್ಲಿ ಮುಗಿದ ಉಜನಿ ಅಣೆಕಟ್ಟು ಇದೆ. ಅದರ ಹಿನ್ನೀರಿನಲ್ಲಿ ಇಂದಾಪುರ ತಾಲ್ಲೂಕಿನ ಪಳಸದೇವದ ಹಳೇ ಪಳಸನಾಥ ಗುಡಿ ಮುಳುಗಿದೆ. ಬರದ ಬೇಸಿಗೆಯಲ್ಲಿ ನೀರು ಇಳಿದಾಗ ಶಿಖರ ಕಾಣುತ್ತದೆ, ಇನ್ನೂ ಇಳಿದರೆ ಗುಡಿಯೇ ಎದ್ದು ನಿಲ್ಲುತ್ತದೆ, ಜನ ನೋಡಲು ಹೋಗುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳನ್ನು ಕೊಟ್ಟು ನವನಗರಕ್ಕೆ ಬಂದವರಿಗೆ ಆ ಜನ ಯಾಕೆ ಹೋಗುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಒಂದು ಮಾತು ಹೇಳಿ ಮುಗಿಸುತ್ತೇನೆ, ಬ್ಯಾಂಕಿನವನ ಅಭ್ಯಾಸ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಕಾಯುವುದು ಸರಕಾರ ಘೋಷಿಸಿದ ಸ್ಥಳಗಳನ್ನು. ಹಳ್ಳಿಯ ಹಾಳೂರ ದಿಬ್ಬಗಳಲ್ಲಿ ಬಹುಪಾಲಿಗೆ ಆ ಭಾಗ್ಯ ಇಲ್ಲ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿಗೆ ಈಗ ಒಂದು ಕಪ್ ಚಹಾ ಬರುತ್ತದೆ. ಆದರೆ ಬಿಳಿ ಮಣ್ಣು, ಬೂದಿಯ ಪದರ, ಕರಿ ಗಡಿಗೆಯ ಚೂರು, ಇವಕ್ಕೆ ಯಾವ ಕಾಯಿದೆಯಲ್ಲೂ ಬೆಲೆ ಕಟ್ಟಿಲ್ಲ. ಹಾಗಾಗಿ ಅದನ್ನು ಉಳಿಸುವ ಕೆಲಸ ಊರಿನವರದ್ದೇ. ನಿಮ್ಮೂರಿನಲ್ಲಿ ಹಾಳೂರು, ಹಳೇ ಗ್ರಾಮಠಾಣ, ಹುಡೇವಿನ ಗುಡ್ಡೆ ಅಂತ ಕರೆಯುವ ಜಾಗ ಇನ್ನೂ ಉಳಿದಿದ್ದರೆ ಅದರ ಹೆಸರು, ಸರ್ವೆ ನಂಬರು ಒಂದು ಕಡೆ ಬರೆದಿಡಿ. ಹಿರಿಯರು ಹೇಳುವ ಕಥೆ ಬರೆದಿಡಿ. ಶಾಲೆಯ ಮಕ್ಕಳನ್ನು ಒಮ್ಮೆ ಅಲ್ಲಿ ನಿಲ್ಲಿಸಿ, ಇದು ಗುಡ್ಡವಲ್ಲ, ಮನೆಗಳು ಅಂತ ಹೇಳಿ. ಮಣ್ಣು ಒಯ್ಯುವವರಿಗೂ ಅದನ್ನೇ ಹೇಳಿ. ಊರು ಬಿಟ್ಟು ಬಂದವರಿಗೆ ಊರಲ್ಲಿ ಮನೆ ಉಳಿಯದಿದ್ದರೂ ನಡೆಯುತ್ತದೆ. ಊರು ಇಲ್ಲಿತ್ತು ಅಂತ ತೋರಿಸಲು ಒಂದು ದಿಬ್ಬವಾದರೂ ಇರಬೇಕು.